ನೇವಾರರ ಒಕ್ಕಲುಮನೆಯಲ್ಲಿ ಅಂತಸ್ತುಗಳ ಕ್ರಮ

ನೇಪಾಳದ ನೇವಾರರ ಮನೆಯನ್ನು ಅಂಕಣಗಳ ಲೆಕ್ಕದಿಂದ ಅಳೆಯುವುದಕ್ಕಿಂತ ಅಂತಸ್ತುಗಳ ಕ್ರಮದಿಂದ ಅರಿಯುವುದು ಯುಕ್ತವು. ಖೋಕನಾ, ಬುಂಗಮತಿ, ಪನೌತಿ ಮೊದಲಾದ ಊರುಗಳಲ್ಲಿ ಒಕ್ಕಲಿಗರ ಹಳೆಯ ಮನೆಗಳು ಹೊಲಗಳ ನಡುವೆ ಒಂಟಿಯಾಗಿ ನಿಲ್ಲದೆ, ನಗರದ ಮನೆಗಳಂತೆ ಗೋಡೆಗೆ ಗೋಡೆ ತಾಗಿಕೊಂಡು ಮೇಲೇರಿರುತ್ತವೆ. ಉಳುವ ಭೂಮಿಯನ್ನು ಮನೆಗಾಗಿ ವ್ಯಯಮಾಡಬಾರದೆಂಬ ವಿವೇಕವೇ ಇದಕ್ಕೊಂದು ಕಾರಣವೆಂದು ತೋರುತ್ತದೆ. 'ಉಳುವ' ಎಂಬ ಮಾತಾದರೂ ಇಲ್ಲಿ ಔಪಚಾರಿಕವು. ಜ್ಯಾಪುಗಳೆಂಬ ಈ ಒಕ್ಕಲಿಗರು ನೇಗಿಲನ್ನು ಹಿಡಿಯದೆ 'ಕು' ಎಂಬ ಗುದ್ದಲಿಯಿಂದಲೇ ಗದ್ದೆಯನ್ನು ಅಗೆದು ಬೆಳೆದವರು.

ನೆಲದ ಅಂತಸ್ತಿಗೆ 'ಛೆಲಿ' ಎಂದು ಹೆಸರು. ಗೊಬ್ಬರ, ಹುಲ್ಲು, ಹತಾರ, ಆಡು ಕೋಳಿಗಳಿಗೆ ಅದು ಮೀಸಲು. ನೆಲದ ತೇವದ ದೆಸೆಯಿಂದ ಮನುಷ್ಯರು ಅಲ್ಲಿ ಮಲಗುತ್ತಿರಲಿಲ್ಲ. ಅದರ ಮೇಲಣ 'ಮಾತಾ' ಮಲಗುವ ಸ್ಥಳ. ಅದಕ್ಕೂ ಮೇಲಿನ 'ಚೋತಾ' ದೊಡ್ಡ ಕಿಟಕಿಯುಳ್ಳ, ಬಂಧುಗಳು ಕೂಡುವ ಬೆಳಕಿನ ತಾಣ. ಮಾಡಿನ ಕೆಳಗಣ 'ಬೈಗ'ದಲ್ಲಿ ಒಲೆಯೂ ದೇವರೂ ಇರುವುವು. ಕೊಡದ ನೀರನ್ನು ಕಡಿದಾದ ಏಣಿಗಳ ಮೇಲೆ ಅಲ್ಲಿಯವರೆಗೆ ಹೊತ್ತೊಯ್ಯುವ ಶ್ರಮ ಅಲ್ಪವಲ್ಲ. ಆದರೂ ಒಲೆಯು ಕೆಳಗಿಳಿಯಲಿಲ್ಲ. ಹೊಗೆ ಮಾಡಿನಿಂದ ಹೊರಬೀಳುವ ಅನುಕೂಲವೊಂದು. ಮೇಲೇರಿದಂತೆ ಮಡಿ ಹೆಚ್ಚುವುದೆಂಬ ಭಾವನೆ ಇನ್ನೊಂದು. ಜಾತಿಯಲ್ಲಿ ಕೀಳೆನಿಸಿದವರು ಕೆಳಗೇ ನಿಲ್ಲಬೇಕಾಗಿತ್ತು. ಪರಕೀಯರಿಗೆ ಬೈಗವು ಅಗಮ್ಯವಾಗಿತ್ತು.

ಈ ಕ್ರಮದ ಬಲವು ದಾಯಭಾಗದಲ್ಲಿ ವಿಶದವಾಗುತ್ತದೆ. ಅಣ್ಣತಮ್ಮಂದಿರು ಪಾಲಾಗುವಾಗ ಒಬ್ಬನಿಗೆ ಕೆಳಗಣ ಅಂತಸ್ತು, ಮತ್ತೊಬ್ಬನಿಗೆ ಮೇಲಣದು ಎಂದು ಹಂಚಿಕೊಳ್ಳುವುದಿಲ್ಲ. ಛೆಲಿಯಿಂದ ಬೈಗದವರೆಗೆ ಮನೆಯನ್ನು ಉದ್ದಕ್ಕೆ ಸೀಳುವರು. ಪಾಲು ಎಷ್ಟೇ ಕಿರಿದಾದರೂ ಪ್ರತಿಯೊಬ್ಬನಿಗೂ ತನ್ನ ನೆಲ, ತನ್ನ ಒಲೆ ಇರಲೇಬೇಕು. ಮೂರು ಮೊಳದಷ್ಟು ಕಿರಿದಾದ ಮುಖವುಳ್ಳ ಮನೆಯನ್ನು ಕಂಡು ನಗುವವರು ಇದನ್ನು ನೆನೆಯಬೇಕು.

ಕರ್ಣಾಟವಂಶದ ನಾನ್ಯದೇವನೊಡನೆ ನೇವಾರರು ದಕ್ಷಿಣದಿಂದ ಬಂದರೆಂದು 1877ರಲ್ಲಿ ಡೇನಿಯಲ್ ರೈಟನು ಪ್ರಕಟಿಸಿದ ವಂಶಾವಳಿಯು ಹೇಳುತ್ತದೆ. ನಾನ್ಯದೇವನು 1097ರಿಂದ ಸಿಮ್ರೌನ್‌ಗಢದಲ್ಲಿ ಆಳಿದುದು ನಿಜ. ಆದರೆ ನೇವಾರರ ನುಡಿಯು ಟಿಬೆಟೊ-ಬರ್ಮಾ ವರ್ಗಕ್ಕೆ ಸೇರಿದುದಾದ ಕಾರಣ ಆ ಕಥೆ ನಿಲ್ಲದು. ಮನೆಯ ಸಾಕ್ಷ್ಯವೂ ಅದಕ್ಕೆ ಅನುಕೂಲವಾಗಿಲ್ಲ. ಕನ್ನಡನಾಡಿನ ತೊಟ್ಟಿಯ ಮನೆಯಲ್ಲಿ ಮಡಿಯು ಬೀದಿಯಿಂದ ಒಳಕ್ಕೆ ಹೋದಂತೆ ಹೆಚ್ಚುವುದು, ಇಲ್ಲಿ ನೆಲದಿಂದ ಮೇಲಕ್ಕೆ. ಇದೊಂದರಿಂದಲೇ ಮೂಲವನ್ನು ನಿರ್ಣಯಿಸುವುದು ಮಾತ್ರ ಸಾಹಸವಾದೀತು.

ಹೊರಮೈಗೆ ಸುಟ್ಟ ಇಟ್ಟಿಗೆ, ಒಳಮೈಗೆ ಹಸಿ ಇಟ್ಟಿಗೆ, ನಡುವೆ ಕೆಸರುಗಾರೆ: ಇಂತಹ ಗೋಡೆಗಳು ನಡುಕಕ್ಕೆ ಎರಡಾಗಿ ಬಿಚ್ಚಿಕೊಳ್ಳುವುವು. 1934ರ ಜನವರಿ 15ರ ಭೂಕಂಪದಲ್ಲಿಯೂ 2015ರ ಏಪ್ರಿಲ್ 25ರ ಭೂಕಂಪದಲ್ಲಿಯೂ ಅಸಂಖ್ಯ ಮನೆಗಳು ಬಿದ್ದುವು. ಬಹುಮಂದಿ ಸಿಮೆಂಟಿನಿಂದ ಹೊಸದಾಗಿ ಕಟ್ಟಿಕೊಂಡರು. ಉಳಿದ ಹಳೆಯ ಮನೆಗಳಲ್ಲಿ ಕೆಲವು ಜೀರ್ಣೋದ್ಧಾರಗೊಂಡು, ಹಣ ತೆತ್ತು ತಂಗುವ ಅತಿಥಿಗಳಿಗೆ ತೆರೆದಿವೆ. ಅಂತಹ ಕೆಲವು ಕಡೆ ಛೆಲಿಯು ಭೋಜನಶಾಲೆಯಾಗಿದೆ. ಬೆಟ್ಟಗಳ ನೋಟ ಚೆನ್ನಾಗಿರುವುದರಿಂದ ಬೈಗವು ಶಯನಗೃಹವಾಗಿದೆ. ಹೊಸ್ತಿಲಲ್ಲಿ ನಿಲ್ಲಬೇಕಾಗಿದ್ದ ಪರಕೀಯನು ಒಲೆಯಿದ್ದ ಕಡೆ ತಲೆಯಿಟ್ಟು ಮಲಗುತ್ತಾನೆ. ಇದಕ್ಕಾಗಿ ಒಡೆಯರನ್ನು ನಿಂದಿಸುವುದು ಅನ್ಯಾಯ. ಬಾಡಿಗೆ ಹುಟ್ಟದಿದ್ದರೆ ತೊಲೆಗಳೂ ಜಾಲಂಧ್ರಗಳೂ ಮಾರಾಟವಾಗುತ್ತಿದ್ದುವು. ಕೀಳೆನಿಸಿದವನೂ ಈಗ ಮೇಲೇರಬಲ್ಲನೆಂಬುದು ನಷ್ಟವೂ ಅಲ್ಲ. ಆದರೆ ಕೆತ್ತನೆಯ ಕಿಟಕಿಯನ್ನು ಅಳೆದು ಚಿತ್ರಿಸಿಕೊಳ್ಳುವ ಶ್ರದ್ಧೆಯಿಂದಲೇ, ಒಲೆ ಎಲ್ಲಿತ್ತು, ಯಾರು ಯಾವ ಮೆಟ್ಟಿಲವರೆಗೆ ಬರುತ್ತಿದ್ದರು ಎಂಬುದನ್ನು ಆ ಮನೆಯ ಮುದುಕಿಯರಿಂದ ಕೇಳಿ ಬರೆದಿಡುವುದು, ಮಾಡಿನ ತೊಲೆಗಳ ಹೊಗೆಯ ಕಪ್ಪನ್ನು ಉಜ್ಜಿ ತೆಗೆಯುವ ಮೊದಲೇ ಆಗಬೇಕಾದ ಕೆಲಸ.