ಹಳೆಯ ಸ್ಪೋರ್ಟ್ಸ್ ಕಾರಿನ ಏಳರಾಟ

ಹಳೆಯ ಸ್ಪೋರ್ಟ್ಸ್ ಕಾರೊಂದು ಬೀದಿಯಲ್ಲಿ ಹಾದುಹೋದರೆ ನಿಂತು ನೋಡಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಇದರ ಬೆಲೆ ಎಷ್ಟು? ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆ? ಇಂಥ ಕಾರನ್ನು ಸಾಕಿದವರಿಗೆ ಈ ಎರಡೂ ದೊಡ್ಡ ಪ್ರಶ್ನೆಗಳಲ್ಲ. ಬೆಲೆ ಒಂದು ಬಾರಿ ಕೊಟ್ಟು ಮುಗಿಯುವಂಥದು. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರು ಓಡುವ ಕಾರು ಕುಡಿಯುವ ಪೆಟ್ರೋಲು ಎಷ್ಟಿದ್ದೀತು? ಅವರನ್ನು ಕಾಡುವ ಪ್ರಶ್ನೆ ಬೇರೆಯದು. ಮುಂದಿನ ಬಿಡಿಭಾಗ ಎಲ್ಲಿ ಸಿಗುತ್ತದೆ, ಸಿಕ್ಕರೂ ಅದನ್ನು ಕೂರಿಸಬಲ್ಲ ಕೈ ಎಲ್ಲಿದೆ ಎಂಬುದು.

ಖರ್ಚಿನ ದೃಷ್ಟಿಯಿಂದ ಕಾರಿನ ಆಯುಸ್ಸಿನಲ್ಲಿ ಮೂರು ಘಟ್ಟಗಳಿವೆ. ಮೊದಲ ಹದಿನೈದು ವರ್ಷ ಯೌವನ. ತಯಾರಕರ ಕಡೆಯಿಂದಲೇ ಬಿಡಿಭಾಗ ಬರುತ್ತದೆ, ಊರಿಗೊಬ್ಬ ಮೆಕ್ಯಾನಿಕ್ ಇರುತ್ತಾನೆ. ಐವತ್ತು ವರ್ಷ ದಾಟಿದ ಮೇಲೆ ಹಿರಿತನದ ಮರ್ಯಾದೆ. ಆಗ ಕಾರು ಪರಂಪರೆಯ ವಸ್ತುವಾಗುತ್ತದೆ, ಕೊಳ್ಳಲು ಜನ ಮುಗಿಬೀಳುತ್ತಾರೆ. ಇವೆರಡರ ನಡುವಿನ ಮೂವತ್ತೈದು ವರ್ಷವೇ ಏಳರಾಟದ ಕಾಲ. ಆ ಅವಧಿಯಲ್ಲಿ ಕಾರು ಹೊಸದೂ ಅಲ್ಲ, ಪುರಾತನವೂ ಅಲ್ಲ, ಬರೀ ಹಳೆಯದು. ಬಹುಪಾಲು ಕಾರುಗಳು ಗುಜರಿ ಸೇರುವುದು ಈ ಘಟ್ಟದಲ್ಲೇ.

ಕರ್ನಾಟಕದ್ದೇ ಎರಡು ಕಾರುಗಳ ಕಥೆಯಿಂದ ಇದನ್ನು ಅರಿಯಬಹುದು. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ‘ಡಾಲ್ಫಿನ್’ ಎಂಬ ಪುಟ್ಟ ಕಾರನ್ನು ರಸ್ತೆಗಿಳಿಸಿತು. ಬ್ರಿಟನ್ನಿನ ರಿಲಯಂಟ್ ಕಂಪನಿಯ ‘ಕಿಟನ್’ ಕಾರೇ ಇದರ ಮೂಲ. ಉಕ್ಕಿನ ಚೌಕಟ್ಟಿನ ಮೇಲೆ ಫೈಬರ್‌ಗ್ಲಾಸ್ ಮೈ, ಒಳಗೆ 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್. ಹೆಸರಿಗೆ ಸಂಸಾರದ ಕಾರಾದರೂ ಮೈಭಾರ ಕಡಿಮೆಯಿದ್ದುದರಿಂದ ಅದು ರೇಸು, ರ್‍ಯಾಲಿಗಳಲ್ಲಿ ಹೆಸರು ಮಾಡಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮಾರುಕಟ್ಟೆಯ ಚಿತ್ರವೇ ಬದಲಾಯಿತು. ಆ ದಶಕ ಮುಗಿಯುವ ಮೊದಲೇ ಡಾಲ್ಫಿನ್ ಹಿನ್ನೆಲೆಗೆ ಸರಿಯಿತು.

ಎರಡನೆಯದು ನಿಜಾರ್ಥದಲ್ಲೇ ಸ್ಪೋರ್ಟ್ಸ್ ಕಾರು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಕಂಪನಿ 1998ರಲ್ಲಿ ‘ಸ್ಟಾರ್ಮ್’ ಎಂಬ ಎರಡೇ ಸೀಟಿನ, ಮೇಲ್ಛಾವಣಿ ಮಡಚಬಹುದಾದ ಕಾರನ್ನು ಹೊರತಂದಿತು. ವಿನ್ಯಾಸ ಫ್ರಾನ್ಸಿನದು, ತಯಾರಿಕೆ ಗೋವಾದಲ್ಲಿ. ಇದರ ಮೈಯೂ ಫೈಬರ್‌ಗ್ಲಾಸ್. ಎಂಜಿನ್ ಮಾತ್ರ ರೆನೋ ಕಂಪನಿಯ 1149 ಸಿ.ಸಿ.ಯದು. ಕೆಲವೇ ಕಾರುಗಳು ತಯಾರಾದವು. ಮುಂದೆ ಆ ಕಾರೂ ನಿಂತುಹೋಯಿತು.

ಇವೆರಡನ್ನು ಇಂದು ಸಾಕುವವರಿಗೆ ಮೈಯ ಚಿಂತೆ ಅಷ್ಟಿಲ್ಲ. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ. ಸೀಳು ಬಿಟ್ಟರೆ ನೀರಿನ ಟ್ಯಾಂಕು, ದೋಣಿಗಳನ್ನು ಮಾಡುವ ಕುಶಲಿಯೇ ಬೆಸೆದು ಕೊಡಬಲ್ಲ. ಕಷ್ಟ ಇರುವುದು ಮೈಯ ಕೆಳಗೆ. ಉಕ್ಕಿನ ಭಾಗಗಳು ಸದ್ದಿಲ್ಲದೆ ತುಕ್ಕು ತಿನ್ನುತ್ತವೆ, ಎಂಜಿನ್ನಿನ ಭಾಗಗಳಿಗಾಗಿ ಹೊರದೇಶದತ್ತ ನೋಡಬೇಕು. ಸ್ಟಾರ್ಮಿನ ಎಂಜಿನ್ ಯುರೋಪಿನಲ್ಲಿ ರೆನೋ ಕ್ಲಿಯೊ, ಟ್ವಿಂಗೊ ಕಾರುಗಳಲ್ಲಿ ಹೇರಳವಾಗಿ ಓಡಿತು. ಆದರೆ ಆ ಕಾರುಗಳು ಭಾರತದ ಮಾರುಕಟ್ಟೆಗೆ ಬರಲೇ ಇಲ್ಲ. ಹಾಗಾಗಿ ಇಲ್ಲಿನ ಗುಜರಿಯಲ್ಲಿ ಅದಕ್ಕೆ ನೆಂಟರಿಲ್ಲ.

ಈ ನೆಂಟಸ್ತಿಕೆಯೇ ಹಳೆಯ ಕಾರಿನ ಖರ್ಚನ್ನು ನಿರ್ಧರಿಸುವ ಗುಟ್ಟು. 1955ರಲ್ಲಿ ಬಂದ ಎಂ.ಜಿ.ಎ. ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ನೋಡಿ. ಮಾತಿಗೆ ಅದು ಶ್ರೀಮಂತರ ಆಟಿಕೆ. ಆದರೆ ಅದರ 1489 ಸಿ.ಸಿ. ಎಂಜಿನ್ ಮತ್ತು ನಮ್ಮ ಅಂಬಾಸಿಡರ್ ಕಾರು ಬಹುಕಾಲ ಹೊತ್ತು ತಿರುಗಿದ ಎಂಜಿನ್ ಒಂದೇ ವಂಶದವು. ಟ್ಯಾಕ್ಸಿಯಾಗಿ, ಸರ್ಕಾರಿ ವಾಹನವಾಗಿ ದುಡಿದ ಅಂಬಾಸಿಡರಿನ ಬಿಡಿಭಾಗಗಳು ಊರೂರಲ್ಲಿ ಸಿಗುತ್ತಿದ್ದವು. ಬಡ ನೆಂಟನ ಹಿತ್ತಿಲಿನಿಂದ ಸಿರಿವಂತನ ಮನೆ ನಡೆದ ಹಾಗಾಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಮೇಲೆ ಆ ಹಿತ್ತಿಲೂ ಬರಿದಾಗುತ್ತ ಬಂದಿದೆ.

ಇನ್ನೂ ಹಿಂದಕ್ಕೆ ಹೋದರೆ ಬಿಡಿಭಾಗಕ್ಕಿಂತ ಕೈಯ ಬೆಲೆ ದೊಡ್ಡದೆಂಬುದು ತಿಳಿಯುತ್ತದೆ. 1945ರಿಂದ 1949ರವರೆಗೆ ಸುಮಾರು ಹತ್ತು ಸಾವಿರದಷ್ಟು ತಯಾರಾದ ಎಂ.ಜಿ. ಟಿ.ಸಿ. ಕಾರಿನ ಮೈಗೆ ಒಳಗಿನಿಂದ ಆಧಾರವಾಗಿರುವುದು ಮರದ ಚೌಕಟ್ಟು. ಅದು ಸಡಿಲವಾದರೆ ಬಾಗಿಲು ಜೋತುಬೀಳುತ್ತದೆ. ಆಗ ಬೇಕಾಗುವುದು ಮೆಕ್ಯಾನಿಕ್ ಅಲ್ಲ, ಬಡಗಿ. ಚಕ್ರಗಳಿಗೆ ಸೈಕಲ್ಲಿನಂತೆ ತಂತಿಯ ಕಡ್ಡಿಗಳಿದ್ದು, ಅವುಗಳನ್ನು ಒಂದೊಂದಾಗಿ ಬಿಗಿದು ಚಕ್ರದ ಓರೆ ತೆಗೆಯುವುದೇ ಒಂದು ವಿದ್ಯೆ. ಎಂಜಿನ್ನಿನದು ಇನ್ನೂ ವಿಚಿತ್ರ. ಬೋಲ್ಟುಗಳ ಮರೆ ಮೆಟ್ರಿಕ್ ಅಳತೆಯದು, ತಲೆ ಮಾತ್ರ ಬ್ರಿಟಿಷ್ ಸ್ಪ್ಯಾನರಿಗೆ ಹೊಂದುವಂಥದು. ಈ ಎಂಜಿನ್ನಿನ ಮೂಲವಾದ ಮೋರಿಸ್ ಎಂಜಿನ್ನುಗಳು ಹಿಂದೆ ಫ್ರೆಂಚ್ ಕಂಪನಿಗೆ ಸೇರಿದ್ದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದೇ ಇದಕ್ಕೆ ಕಾರಣ. ಈ ಗುಟ್ಟು ಗೊತ್ತಿಲ್ಲದವನು ಅಂಗಡಿಯಲ್ಲಿ ಸಿಕ್ಕ ಬೋಲ್ಟನ್ನು ತಿರುಗಿಸಿ ಎಂಜಿನ್ನಿನ ಮರೆಯನ್ನೇ ಕೆಡಿಸಿಬಿಡುತ್ತಾನೆ. ಬೋಲ್ಟಿನ ಬೆಲೆ ಕೆಲವು ರೂಪಾಯಿ, ಕೆಟ್ಟದ್ದನ್ನು ಸರಿಪಡಿಸುವ ಬೆಲೆ ಹಲವು ಸಾವಿರ.

1991ರ ಉದಾರೀಕರಣಕ್ಕೆ ಮುಂಚೆ ಹೊರದೇಶದಿಂದ ಬಿಡಿಭಾಗ ತರಿಸುವುದೆಂದರೆ ಲೈಸೆನ್ಸು, ಭಾರೀ ಸುಂಕಗಳ ಹಾದಿ. ಆ ಬಿಗಿಯೇ ಒಂದು ಬಗೆಯ ಜಾಣ್ಮೆಯನ್ನು ಬೆಳೆಸಿತು. ಬೆಂಗಳೂರಿಗೆ ಅದಕ್ಕೆ ತಕ್ಕ ನೆಲವೂ ಇತ್ತು. 1951ರಲ್ಲಿ ಸ್ಥಾಪನೆಯಾದ ಮೈಕೋ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸಿತು. ಎಚ್‌.ಎಂ.ಟಿ. ಲೇತುಗಳನ್ನು ಮಾಡಿತು. ಆ ಲೇತುಗಳ ಮೇಲೆ ಕೆಲಸ ಕಲಿತವರು ಸಣ್ಣಪುಟ್ಟ ಶೆಡ್ಡುಗಳನ್ನು ತೆರೆದರು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗದ ಬುಷ್ಷನ್ನು ಕಂಚಿನಲ್ಲಿ ಕಡೆದುಕೊಡುವುದು, ಸವೆದ ಶಾಫ್ಟಿಗೆ ಲೋಹ ತುಂಬಿ ಮತ್ತೆ ಅಳತೆಗೆ ತರುವುದು ಇಂಥ ಶೆಡ್ಡುಗಳ ನಿತ್ಯದ ಕೆಲಸವಾಯಿತು. ಇಂದು ಬಿಡಿಭಾಗ ತರಿಸುವುದು ಸುಲಭವಾಗಿದೆ, ಕಡೆದುಕೊಡುವವರು ವಿರಳವಾಗುತ್ತಿದ್ದಾರೆ.

ಓಡದೆ ನಿಂತ ಕಾರಿಗೆ ಖರ್ಚಿಲ್ಲವೆಂದು ಹಲವರ ಎಣಿಕೆ. ನಿಜ ತದ್ವಿರುದ್ಧ. ಬ್ರೇಕಿನ ದ್ರವ ಗಾಳಿಯ ತೇವ ಹೀರಿ ಕೊಳವೆಗಳನ್ನು ಒಳಗಿನಿಂದ ಕೊರೆಯುತ್ತದೆ. ಆದ್ದರಿಂದ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಎಂಜಿನ್ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಟೈರಿನ ಗೆರೆ ಹೊಸದರಂತಿದ್ದರೂ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ಬ್ಯಾಟರಿ ತನ್ನಷ್ಟಕ್ಕೆ ಸಾಯುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತು ದುಡಿಯದಿದ್ದರೂ ಮೇವು ಬೇಡುವಂತೆಯೇ ಇದು.

ಪೆಟ್ರೋಲ್ ಬದಲಾದುದೂ ಹಳೆಯ ಕಾರಿನ ಲೆಕ್ಕಕ್ಕೆ ಸೇರಿದೆ. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಿತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಹಳೆಯ ಎಂಜಿನ್ನುಗಳ ಮೆದು ವಾಲ್ವ್ ಸೀಟುಗಳಿಗೆ ಆ ಸೀಸವೇ ರಕ್ಷೆಯಾಗಿತ್ತು. ಅದು ಹೋದ ಮೇಲೆ ಗಟ್ಟಿ ಲೋಹದ ಸೀಟುಗಳನ್ನು ಕೂರಿಸಬೇಕಾಯಿತು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಯತೊಡಗಿತು. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆ ಮತ್ತು ಗ್ಯಾಸ್ಕೆಟ್ಟುಗಳನ್ನು ಮೆತ್ತಗಾಗಿಸುತ್ತದೆ. ಸೋರಿದ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಗತಿಯೇನು? ಹೀಗಾಗಿ ಕೊಳವೆಗಳನ್ನೆಲ್ಲ ಹೊಸ ಬಗೆಯ ರಬ್ಬರಿಗೆ ಬದಲಿಸುವುದು ಅನಿವಾರ್ಯ.

ಇನ್ನು ಕಾನೂನು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಖಾಸಗಿ ವಾಹನಕ್ಕೆ ‘ವಿ.ಎ.’ ಅಕ್ಷರಗಳ ವಿಶೇಷ ಸಂಖ್ಯೆ ದೊರೆಯಿತು. ಹೊಸ ನೋಂದಣಿಗೆ 20,000 ರೂಪಾಯಿ, ಅದರ ಅವಧಿ ಹತ್ತು ವರ್ಷ, ಅನಂತರ ಮರುನೋಂದಣಿಗೆ 5,000 ರೂಪಾಯಿ. ಮುಂದಿನ ತಿಂಗಳೇ, ಆಗಸ್ಟ್ 13ರಂದು, ಹಳೆಯ ವಾಹನಗಳನ್ನು ಗುಜರಿಗೆ ಕಳಿಸುವ ನೀತಿಗೆ ಚಾಲನೆ ಸಿಕ್ಕಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಸಾಮಾನ್ಯ ಕಾರಿನ ನೋಂದಣಿ ನವೀಕರಣ ಶುಲ್ಕ 10,000 ರೂಪಾಯಿಗೂ, ಆಮದಾದ ಕಾರಿನದು 80,000 ರೂಪಾಯಿಗೂ ಏರಿತು. ಈ ನವೀಕರಣ ಐದೇ ವರ್ಷಕ್ಕೆ. ಹೊಗೆಯುಗುಳುವ ಹಳೆಯ ವಾಹನಗಳು ರಸ್ತೆಯಿಂದ ಸರಿಯಬೇಕೆಂಬ ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ಪರಿಣಾಮ ನೋಡಿ: ಐವತ್ತೊಂದು ವರ್ಷದ ಕಾರಿಗಿಂತ ನಲವತ್ತು ವರ್ಷದ ಆಮದು ಕಾರಿಗೆ ನವೀಕರಣ ಹದಿನಾರು ಪಟ್ಟು ದುಬಾರಿ, ಸಿಗುವ ಅವಧಿ ಅರ್ಧ.

ಹಳೆಯದನ್ನು ಸಾಕುವುದು ಕಾರಿಗಷ್ಟೇ ಸೇರಿದ ಕಷ್ಟವಲ್ಲ. ಡಾಲ್ಫಿನ್ ರಸ್ತೆಗಿಳಿದ 1982ರಲ್ಲೇ, ಈಗಿನ ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಬಸವಸಾಗರ ಅಣೆಕಟ್ಟು ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆಯ ನವೀಕರಣಕ್ಕೆ ಸುಮಾರು 4,700 ಕೋಟಿ ರೂಪಾಯಿ ವೆಚ್ಚವಾಗಿ, 2023ರ ಜನವರಿಯಲ್ಲಿ ಕೊಡೇಕಲ್ಲಿನಲ್ಲಿ ಅದು ಲೋಕಾರ್ಪಣೆಯಾಯಿತು. ಹೊಲಕ್ಕೆ ನೀರು ನಿಂತರೆ ನಾಡೇ ಕೇಳುತ್ತದೆ, ಆದ್ದರಿಂದ ನಾಡೇ ಹಣ ಕೊಡುತ್ತದೆ. ನಿರ್ವಹಣೆಯಲ್ಲಿ ಸಣ್ಣದೆಂಬುದು ಯಾವುದೂ ಇಲ್ಲವೆಂಬುದಕ್ಕೂ ಅಣೆಕಟ್ಟೇ ಸಾಕ್ಷಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ಒಂದು ಸರಪಣಿ ತುಂಡಾಗಿ. ಕಾರಿನಲ್ಲಿಯೂ ಟೈಮಿಂಗ್ ಬೆಲ್ಟು ತುಂಡಾದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಒಳಗೆಲ್ಲ ನಾಶವಾಗುತ್ತದೆ. ವ್ಯತ್ಯಾಸ ಒಂದೇ. ಕಾರಿನ ಬಿಲ್ಲು ಒಂದೇ ಮನೆಯ ಮೇಲೆ ಬೀಳುತ್ತದೆ.

ಆ ಒಂದು ಮನೆ ಸೋತು ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ಅರಮನೆಗಳ ಕಾರುಗಳೇ ಉದಾಹರಣೆ. 1971ರಲ್ಲಿ ರಾಜಧನ ರದ್ದಾದಾಗ ದೇಶದ ಅನೇಕ ರಾಜಮನೆತನಗಳು ಕಾರು ಸಾಕುವ ಖರ್ಚಿಗೆ ಅಂಜಿ ಅವುಗಳನ್ನು ಸಿಕ್ಕ ಬೆಲೆಗೆ ಮಾರಿದವು. ಆಗ ಅವೂ ಇದೇ ನಡುವಯಸ್ಸಿನಲ್ಲಿದ್ದವು; ಕೊಂಡವರ ಕಣ್ಣಿಗೆ ಬರೀ ಪೆಟ್ರೋಲು ಕುಡಿಯುವ ಹಳೆಯ ಗಾಡಿಗಳು. ಎಷ್ಟೋ ಕಾರುಗಳು ಹಡಗೇರಿ ಹೋದ ಮೇಲೆ ಸರ್ಕಾರ ರಫ್ತಿಗೆ ಕಡಿವಾಣ ಹಾಕಿತು. ಇಂದು ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಜನ ಬೆರಗಾಗಿ ನೋಡುವಂಥ ಕಾರುಗಳು ಉಳಿದಿರುವುದು, ಯಾರಿಗೂ ಬೇಡವಾಗಿದ್ದ ಆ ವರ್ಷಗಳಲ್ಲಿ ಯಾರೋ ಒಬ್ಬರು ಆಯಿಲು ಬದಲಿಸಿ, ಬಟ್ಟೆ ಹೊದಿಸಿ ಕಾಪಾಡಿದ್ದರಿಂದ.

ಈಗ ಸರದಿ ನಮ್ಮ ನೆಲದ ಕಾರುಗಳದು. ಮೊದಲ ಡಾಲ್ಫಿನ್‌ಗಳಿಗೆ ಐವತ್ತು ತುಂಬುವುದು 2032ರಲ್ಲಿ, ಮೊದಲ ಸ್ಟಾರ್ಮಿಗೆ 2048ರಲ್ಲಿ. ಅಲ್ಲಿಯವರೆಗೆ ಅವುಗಳಿಗೆ ವಿಶೇಷ ಸಂಖ್ಯೆಯೂ ಇಲ್ಲ, ಸಂಗ್ರಹಾಲಯದ ಜಾಗವೂ ಖಚಿತವಿಲ್ಲ. ಕಾರು ಉಳಿದರಷ್ಟೇ ಸಾಲದು, ಅದರ ಬುಷ್ಷು ಕಡೆಯುವ ಲೇತಿನ ಕೆಲಸಗಾರನೂ, ಕಾರ್ಬ್ಯುರೇಟರಿನ ಸದ್ದು ಕೇಳಿಯೇ ದೋಷ ಹೇಳುವ ಮೇಸ್ತ್ರಿಯೂ ಉಳಿಯಬೇಕು. ಅವನ ಬಳಿ ಕೆಲಸ ಕಲಿಯಲು ಒಬ್ಬ ಹುಡುಗನಾದರೂ ಬರಬೇಕು. ಆ ಹುಡುಗನ ಕೂಲಿಯನ್ನೂ ಸೇರಿಸಿದಾಗಲೇ ಹಳೆಯ ಕಾರಿನ ಖರ್ಚಿನ ಪಟ್ಟಿ ಪೂರ್ತಿಯಾಗುತ್ತದೆ.