ದಲ್ಲಾಳಿಯಿಂದ ತಂತ್ರಾಂಶದವರೆಗೆ: ಮಧ್ಯಸ್ಥನ ಹೊಣೆಗಾರಿಕೆಯ ಇತಿಹಾಸ

ಬಳ್ಳಾರಿ ನಗರದ ಬ್ರೂಸ್‌ಪೇಟೆಗೆ ಆ ಹೆಸರು ಬಂದುದು ಕಂಪನಿ ಆಡಳಿತಕಾಲದ ಆಂಗ್ಲ ಅಧಿಕಾರಿಯೊಬ್ಬನಿಂದ. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿಯು ದಂಡಿನ ಊರಾಗಿ ಬೆಳೆಯಿತು. ದಂಡಿನ ಹಿಂದೆ ವರ್ತಕರು ಬಂದರು. ಎರೆಭೂಮಿಯ ಹತ್ತಿಯೂ ಶೇಂಗಾವೂ ಪೇಟೆಯನ್ನು ಸೇರಿದವು. ಅಧಿಕಾರಿಯ ಹೆಸರು ಬೀದಿಗೆ ಉಳಿಯಿತು. ಆದರೆ ಇಂತಹ ಪೇಟೆಗಳ ನಿತ್ಯವ್ಯವಹಾರವನ್ನು ನಡೆಸಿಕೊಂಡು ಬಂದವನು ಯಾವ ಫಲಕದಲ್ಲಿಯೂ ಹೆಸರಿಲ್ಲದ ಮಧ್ಯಸ್ಥನು, ಅಂದರೆ ದಲ್ಲಾಳಿ. ಈಗ ಅವನ ಪಕ್ಕದಲ್ಲಿ ಮನುಷ್ಯನಲ್ಲದ ಮತ್ತೊಬ್ಬ ಮಧ್ಯಸ್ಥನು ಬಂದು ಕುಳಿತಿದ್ದಾನೆ. ಅದುವೇ ಗಣಕದ ತಂತ್ರಾಂಶ. ಇವರಿಬ್ಬರ ಸಂಬಂಧವೇನು, ಇವರ ಮೂಲಕ ನಡೆಯುವ ಕಾರ್ಯದ ಹೊಣೆ ಯಾರದು ಎಂಬುದು ಈ ಲೇಖನದ ವಿಚಾರ.

ರೈತನಿಗೆ ದೂರದ ಕೊಳ್ಳುವವನ ಪರಿಚಯವಿಲ್ಲ. ಕೊಳ್ಳುವವನಿಗೆ ರೈತನ ಸರಕಿನ ಗುಣ ತಿಳಿಯದು. ಈ ಎರಡು ಅಜ್ಞಾನಗಳ ನಡುವೆ ನಿಂತು ವ್ಯವಹಾರವನ್ನು ಕೂಡಿಸುವುದೇ ದಲ್ಲಾಳಿಯ ವೃತ್ತಿ. ಅವನು ಸರಕನ್ನು ಇಳಿಸಿಕೊಂಡನು, ತೂಕ ಮಾಡಿಸಿದನು, ಬಿತ್ತನೆಯ ಕಾಲಕ್ಕೆ ಸಾಲವನ್ನೂ ಕೊಟ್ಟನು. ಆದರೆ ಸಾಲ ಕೊಟ್ಟವನೇ ಮಾರಿಕೊಡುವವನೂ ಆದಾಗ ಅವನು ಯಾರ ಪರವಾಗಿದ್ದಾನೆಂಬ ಸಂಶಯವು ಸಹಜವಾಗಿಯೇ ಹುಟ್ಟಿತು. ಭಾರತದ ಅನೇಕ ಮಾರುಕಟ್ಟೆಗಳಲ್ಲಿ ಬಟ್ಟೆಯ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆ ಹೇಳುವ ಪದ್ಧತಿಯಿತ್ತು. ಸರಕಿನ ಒಡೆಯನು ಎದುರಿಗೇ ನಿಂತಿದ್ದರೂ ಅವನ ಬೆವರಿನ ಬೆಲೆ ಅವನ ಕಣ್ಣಿಗೆ ಕಾಣದಂತೆ ನಿಶ್ಚಯವಾಗುತ್ತಿತ್ತು.

ಈ ಸಂಶಯಕ್ಕೆ ಕಾನೂನು ಉತ್ತರ ಹುಡುಕಿತು. 1872ರ ಭಾರತೀಯ ಕರಾರು ಕಾಯಿದೆಯ ಹತ್ತನೆಯ ಅಧ್ಯಾಯವು ಪ್ರತಿನಿಧಿ ಮತ್ತು ಅವನನ್ನು ನೇಮಿಸಿದ ಯಜಮಾನನ ಸಂಬಂಧವನ್ನು ಕುರಿತದ್ದು. ಪ್ರತಿನಿಧಿಯು ತನ್ನ ಅಧಿಕಾರದ ಮೇರೆಯೊಳಗೆ ಮಾಡಿದ ಕರಾರು ಯಜಮಾನನೇ ಮಾಡಿದಂತೆ ಅವನನ್ನು ಬಂಧಿಸುತ್ತದೆ. ಯಜಮಾನನಿಗೆ ತಿಳಿಸದೆ ತನ್ನ ಸ್ವಂತ ಲಾಭಕ್ಕಾಗಿ ವ್ಯವಹರಿಸುವ ಪ್ರತಿನಿಧಿಗೆ ಕಾಯಿದೆ ರಕ್ಷಣೆ ಕೊಡುವುದಿಲ್ಲ. ಅನಂತರ ಮಾರುಕಟ್ಟೆಯನ್ನೇ ನಿಯಂತ್ರಿಸುವ ಯತ್ನಗಳು ನಡೆದವು. 1928ರಲ್ಲಿ ವರದಿ ಸಲ್ಲಿಸಿದ ಕೃಷಿ ರಾಯಲ್ ಆಯೋಗವು ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. ಬಳ್ಳಾರಿಯು ಆಗ ಸೇರಿದ್ದ ಮದರಾಸು ಪ್ರಾಂತ್ಯದಲ್ಲಿ 1933ರಲ್ಲಿ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯಿದೆ ಬಂದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿತು. ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ 1966ರದು. ಬಟ್ಟೆಯ ಮರೆ ಸರಿದು ಟೆಂಡರ್ ಚೀಟಿ ಬಂದಿತು. ಆದರೆ ಚೀಟಿಯನ್ನು ಬರೆಯುವವನೂ, ತೆರೆಯುವವನೂ, ಓದುವವನೂ ಮನುಷ್ಯನೇ ಆದುದರಿಂದ ಸಂಶಯ ಪೂರ್ಣವಾಗಿ ನೀಗಲಿಲ್ಲ.

2014ರಲ್ಲಿ ಕರ್ನಾಟಕ ಸರ್ಕಾರವು ಖಾಸಗಿ ಸಹಭಾಗಿತ್ವದಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ರಾಜ್ಯದ ಮಾರುಕಟ್ಟೆಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಜೋಡಿಸತೊಡಗಿತು. ಪ್ರಾಂಗಣದ ಬಾಗಿಲಲ್ಲಿ ಸರಕಿನ ರಾಶಿಗೆ ಸಂಖ್ಯೆ ಬೀಳುತ್ತದೆ. ವರ್ತಕರು ಸರಕನ್ನು ನೋಡಿ ಗಣಕದಲ್ಲಿ ತಮ್ಮ ದರವನ್ನು ಗುಪ್ತವಾಗಿ ನಮೂದಿಸುತ್ತಾರೆ. ನಿಗದಿತ ವೇಳೆಗೆ ತಂತ್ರಾಂಶವು ಅತ್ಯಧಿಕ ದರ ಹೇಳಿದವನನ್ನು ಘೋಷಿಸುತ್ತದೆ. ಒಪ್ಪುವ ಅಥವಾ ಒಪ್ಪದಿರುವ ಹಕ್ಕು ರೈತನಿಗೆ ಇರುತ್ತದೆ. ದಲ್ಲಾಳಿಯು ಇದರಿಂದ ಮರೆಯಾಗಲಿಲ್ಲವೆಂಬುದನ್ನು ಗಮನಿಸಬೇಕು. ಸರಕು ಇಂದಿಗೂ ಅವನ ಅಂಗಡಿಯಲ್ಲಿಯೇ ಇಳಿಯುತ್ತದೆ. ಸಾಲದ ಲೆಕ್ಕವೂ ಅವನ ಬಳಿಯೇ ಇರುತ್ತದೆ.

ಈ ಹೊಸ ವ್ಯವಸ್ಥೆಯ ಫಲವನ್ನು ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೋಮ್ಯಾ ಸಿಂಘ್ವಿ ಮತ್ತು ಯಾನ್‌ಚಾಂಗ್ ಜೆಂಗ್ ಎಂಬ ಸಂಶೋಧಕರು ಅಭ್ಯಸಿಸಿ 2020ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದಂತೆ ಭತ್ತದ ದರ ಶೇ. 5.1, ಶೇಂಗಾದ ದರ ಶೇ. 3.6, ಮೆಕ್ಕೆಜೋಳದ ದರ ಶೇ. 3.5ರಷ್ಟು ಏರಿತು. ರೈತನ ಲಾಭಾಂಶವೇ ಅಲ್ಪವಾದುದರಿಂದ ಈ ಏರಿಕೆಯು ಸಣ್ಣದಲ್ಲ. ಆದರೆ ಹತ್ತಿ, ಹೆಸರು, ತೊಗರಿಗಳ ದರದಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಎರೆಭೂಮಿಯ ಒಕ್ಕಲಿಗನಿಗೆ ಈ ಎರಡನೆಯ ಮಾತೇ ಹೆಚ್ಚು ಮುಖ್ಯವಾದುದು. ತಂತ್ರಾಂಶ ಎಲ್ಲೆಡೆಯೂ ಒಂದೇ, ಫಲ ಮಾತ್ರ ಬೇರೆಬೇರೆ. ಸಾಗಾಣಿಕೆಯ ತೊಡಕು, ಕೊಳ್ಳುವವರ ಸಂಖ್ಯೆ, ದರ ಹೇಳುವ ರೀತಿ ಇವುಗಳಲ್ಲಿ ಬೆಳೆಯಿಂದ ಬೆಳೆಗಿರುವ ಅಂತರವನ್ನು ಸಂಶೋಧಕರು ಪರಿಶೀಲಿಸಿದರು. ಮುಂದೆ ಅದೇ ತಂಡದವರು ವರ್ತಕರೊಡನೆ ಮಾತನಾಡಿ, ಅವರ ಮನೋಧರ್ಮವನ್ನು ಅರಿತು, ಎರಡು ಹಂತದ ಹರಾಜನ್ನು ರೂಪಿಸಿದರು. ಮೊದಲ ಹಂತದಲ್ಲಿ ಮುಂದಿರುವವರಿಗೆ ಎರಡನೆಯ ಹಂತದಲ್ಲಿ ದರ ಏರಿಸುವ ಅವಕಾಶವಿರುತ್ತದೆ. ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಇದನ್ನು ಜಾರಿಗೆ ತಂದಾಗ ದರ ಶೇ. 4.7ರಷ್ಟು ಹೆಚ್ಚಿತು, 10,000ಕ್ಕೂ ಮಿಕ್ಕ ರೈತರಿಗೆ ಅದರ ಪ್ರಯೋಜನ ಮುಟ್ಟಿತು. ಯಂತ್ರವನ್ನು ತಿದ್ದುವುದಕ್ಕೆ ಮೊದಲು ಮನುಷ್ಯನನ್ನು ತಿಳಿಯಬೇಕಾಯಿತೆಂಬುದು ಇದರ ಪಾಠ.

ಈ ಮಾರುಕಟ್ಟೆಗಳಲ್ಲಿ ತಂತ್ರಾಂಶವು ದರಗಳನ್ನು ಹೋಲಿಸಿ ಹೇಳುತ್ತದೆ. ದರವನ್ನು ನಿರ್ಧರಿಸುವವನು ಇನ್ನೂ ವರ್ತಕನೇ. ಬೇರೆಡೆ ತಂತ್ರಾಂಶವೇ ಬೆಲೆ ಹೇಳುವ ಕಾಲ ಆಗಲೇ ಬಂದಿದೆ. 1980ರಲ್ಲಿ ರೀಡ್ ಸ್ಮಿತ್ ಎಂಬ ವಿಜ್ಞಾನಿಯು ಗಣಕಗಳು ತಮ್ಮತಮ್ಮೊಳಗೆ ಟೆಂಡರ್ ಕರೆದು ಕೆಲಸ ಹಂಚಿಕೊಳ್ಳುವ ಕ್ರಮವೊಂದನ್ನು ನಿರೂಪಿಸಿದನು. ಪೇಟೆಯ ಪದ್ಧತಿಯೇ ಯಂತ್ರಕ್ಕೆ ಮಾದರಿಯಾಯಿತು. 2001ರಲ್ಲಿ ಐಬಿಎಂ ಸಂಸ್ಥೆಯ ಸಂಶೋಧಕರು ಒಂದೇ ಹರಾಜಿನಲ್ಲಿ ಮನುಷ್ಯರನ್ನೂ ತಂತ್ರಾಂಶ ಪ್ರತಿನಿಧಿಗಳನ್ನೂ ವ್ಯಾಪಾರಕ್ಕೆ ಬಿಟ್ಟು ನೋಡಿದರು. ತಂತ್ರಾಂಶಗಳು ಸುಮಾರು ಶೇ. 20ರಷ್ಟು ಹೆಚ್ಚು ಗಳಿಸಿದವು. 2020ರಲ್ಲಿ ಇಟಲಿಯ ನಾಲ್ವರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವು ಇನ್ನಷ್ಟು ಚಿಂತನೀಯವಾದುದು. ತಪ್ಪು-ಒಪ್ಪುಗಳಿಂದ ತಾವೇ ಕಲಿಯುವ ಬೆಲೆನಿರ್ಣಯದ ತಂತ್ರಾಂಶಗಳು, ಪರಸ್ಪರ ಒಂದು ಮಾತನ್ನೂ ಆಡದೆ, ಯಾರ ಆಜ್ಞೆಯೂ ಇಲ್ಲದೆ, ಸ್ಪರ್ಧೆಯ ಬೆಲೆಗಿಂತ ಹೆಚ್ಚಿನ ಬೆಲೆಯಲ್ಲಿ ನೆಲೆನಿಂತವು. ಬೆಲೆ ಇಳಿಸಿದ ಒಂದನ್ನು ಮತ್ತೊಂದು ಕೆಲಕಾಲ ದಂಡಿಸಿ, ಮತ್ತೆ ಮೆಲ್ಲನೆ ಮೊದಲಿನ ಬೆಲೆಗೆ ಮರಳುತ್ತಿತ್ತು. ವರ್ತಕರು ಹೀಗೆ ಒಳಒಪ್ಪಂದ ಮಾಡಿಕೊಂಡರೆ ಅದನ್ನು ಅಪರಾಧವೆನ್ನುತ್ತೇವೆ. ಇಲ್ಲಿ ಅಪರಾಧಿ ಯಾರು?

ಈ ಪ್ರಶ್ನೆಯು ಪ್ರಯೋಗಶಾಲೆಯಲ್ಲಿಯೇ ಮುಗಿಯುವಂತಹದಲ್ಲ. ಬಳ್ಳಾರಿ ಸೀಮೆಯ ಮೆಣಸಿನಕಾಯಿ ಬೆಳೆಗಾರರು ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಸರಕು ಒಯ್ಯುವುದು ವಾಡಿಕೆ. ಅಲ್ಲಿಯೂ ಗಣಕದ ಮೂಲಕವೇ ಟೆಂಡರ್ ನಡೆಯುತ್ತದೆ. 2024ರ ಮಾರ್ಚ್ 11ರಂದು ದರ ಒಮ್ಮೆಲೇ ಕುಸಿದಾಗ ರೈತರ ಆಕ್ರೋಶ ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಹರಿಯಿತು. ವಾಹನಗಳಿಗೆ ಬೆಂಕಿ ಬಿದ್ದಿತು. ದರ ಕುಸಿತಕ್ಕೆ ತಂತ್ರಾಂಶವನ್ನು ದೂಷಿಸಲಾಗದು. ಹಿಂಸೆಯನ್ನು ಸಮರ್ಥಿಸುವುದಂತೂ ಸಲ್ಲದು. ಆದರೆ ಒಂದು ಮಾತನ್ನು ಒಪ್ಪಲೇಬೇಕು. ತೆರೆಯ ಮೇಲೆ ಮೂಡಿದ ಅಂಕಿಯು ಏಕೆ ಹೀಗಾಯಿತೆಂಬ ಪ್ರಶ್ನೆಗೆ ತೆರೆ ಉತ್ತರಿಸುವುದಿಲ್ಲ. ಹಿಂದಿನ ದಲ್ಲಾಳಿಯೊಡನೆ ಜಗಳವಾಡಬಹುದಾಗಿತ್ತು. ಅವನು ಮಾತು ತಪ್ಪಿದರೆ ನಾಲ್ಕು ಜನರೆದುರು ತಲೆತಗ್ಗಿಸಬೇಕಾಗಿತ್ತು. ಲಜ್ಜೆಯಿಲ್ಲದ ಮಧ್ಯಸ್ಥನ ಕಾಲದಲ್ಲಿ ಉತ್ತರ ಹೇಳುವ ಮನುಷ್ಯನು ಇನ್ನಷ್ಟು ಅವಶ್ಯಕನಾಗುತ್ತಾನೆ.

ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 11ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಬ್ಬನು ತಾನಾಗಿಯೇ ನಡೆಯುವಂತೆ ಏರ್ಪಡಿಸಿದ, ಅಥವಾ ಅವನ ಪರವಾಗಿ ಏರ್ಪಡಿಸಲಾದ ಗಣಕವ್ಯವಸ್ಥೆಯು ಕಳುಹಿಸಿದ ದಾಖಲೆಯು ಅವನದೇ ದಾಖಲೆ. ಯಂತ್ರ ಮಾಡಿತೆಂದು ಕೈತೊಳೆದುಕೊಳ್ಳುವಂತಿಲ್ಲ.

ನಮ್ಮ ಪೂರ್ವಾಚಾರ್ಯರು ಈ ಹೊಣೆಯನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸಿದ್ದಾರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕಾರ್ಯವು ಕೃತ, ಕಾರಿತ, ಅನುಮತ ಎಂದು ಮೂರು ಬಗೆ: ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದುದನ್ನು ಒಪ್ಪಿದ್ದು. ಸಂಕಲ್ಪವಾದ ಸಂರಂಭ, ಸಾಧನಗಳನ್ನು ಕೂಡಿಸುವ ಸಮಾರಂಭ, ಕಾರ್ಯದ ತೊಡಗುವಿಕೆಯಾದ ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳು. ಇವೆಲ್ಲವನ್ನೂ ಗುಣಿಸಿದರೆ 108 ಭೇದಗಳಾಗುತ್ತವೆ. ಈ ಗಣನೆಯನ್ನು ತಂತ್ರಾಂಶಕ್ಕೆ ಅನ್ವಯಿಸಿ ನೋಡೋಣ. ಯಂತ್ರಕ್ಕೆ ಕಷಾಯವಿಲ್ಲ, ಆದುದರಿಂದ ಅದು ಯಾರ ಪಾಪವನ್ನೂ ಹೊರಲಾರದು. ಅದನ್ನು ರಚಿಸಿದವನು ಸಾಧನವನ್ನು ಕೂಡಿಸಿದನು. ಅದನ್ನು ವ್ಯಾಪಾರಕ್ಕೆ ಬಿಟ್ಟವನು ಮಾಡಿಸಿದನು. ಬಂದ ಲಾಭವನ್ನು ಪ್ರಶ್ನಿಸದೆ ಪಡೆದವನು ಅನುಮೋದಿಸಿದನು. ಇಟಲಿಯ ಪ್ರಯೋಗದಲ್ಲಿ ಆಜ್ಞೆ ಕೊಟ್ಟವರಿರಲಿಲ್ಲ. ಆದರೆ ಪೇಟೆಯಲ್ಲಿ ಅಂತಹ ತಂತ್ರಾಂಶದಿಂದ ಅನ್ಯಾಯದ ಲಾಭ ಬರುತ್ತಿರುವುದನ್ನು ಅರಿತ ಮೇಲೆಯೂ ಸುಮ್ಮನಿರುವ ಒಡೆಯನು ಅನುಮತದ ಹೊಣೆಯಿಂದ ಪಾರಾಗಲಾರನು.

ವ್ಯಾಪಾರವೃತ್ತಿಯಲ್ಲಿರುವ ನಮ್ಮ ಸಮಾಜದವರಿಗೆ ಇದು ದೂರದ ಚರ್ಚೆಯಲ್ಲ. ಇಂದು ಲೆಕ್ಕ ಬರೆಯುವುದು, ದರ ಸೂಚಿಸುವುದು, ಸಾಲಕ್ಕೆ ಅರ್ಹರನ್ನು ಆರಿಸುವುದು ಎಲ್ಲವೂ ತಂತ್ರಾಂಶದ ಪಾಲಾಗುತ್ತಿವೆ. ಗುಮಾಸ್ತನನ್ನು ನೇಮಿಸುವಾಗ ಅವನ ನಡತೆಯನ್ನು ವಿಚಾರಿಸುತ್ತಿದ್ದ ಹಿರಿಯರು ಸಂಜೆ ಅವನ ಲೆಕ್ಕವನ್ನು ತಾವೇ ಒಮ್ಮೆ ತಿರುವಿ ಹಾಕುತ್ತಿದ್ದರು. ಯಂತ್ರದ ವಿಷಯದಲ್ಲಿಯೂ ಆ ಎರಡು ಕರ್ತವ್ಯಗಳು ಹಾಗೆಯೇ ಉಳಿದಿವೆ. ಅದು ಯಾವ ನಿಯಮದಂತೆ ನಡೆಯುತ್ತದೆಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಅದು ಮಾಡಿದುದನ್ನು ಆಗಾಗ ಪರೀಕ್ಷಿಸಬೇಕು. ಅನ್ಯಾಯವಾಯಿತೆಂದು ಅಂಗಡಿಯ ಮೆಟ್ಟಿಲೇರಿ ಬಂದವನಿಗೆ ಯಜಮಾನನೇ ಎದ್ದು ಉತ್ತರ ಹೇಳಬೇಕು.