ಚಿರಂಜೀವಿಗಳು (ಕರ್ನಾಟಕದ ಐತಿಹ್ಯಗಳಲ್ಲಿ)

ಸಾವಿಲ್ಲದೆ ಕಲ್ಪಾಂತ್ಯದವರೆಗೂ ಬದುಕಿರುವರೆಂದು ನಂಬಲಾದ ಪುರಾಣಪುರುಷರು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂಬ ಏಳು ಹೆಸರುಗಳು ಪ್ರಸಿದ್ಧ. ಎಂಟನೆಯವನಾಗಿ ಮಾರ್ಕಂಡೇಯನನ್ನು ಸೇರಿಸುತ್ತಾರೆ. ವರ್ಧಂತಿಯಂದು ಇವರನ್ನು ನೆನೆದು ಎಳ್ಳು, ಬೆಲ್ಲ ಬೆರೆಸಿದ ಹಾಲು ಕುಡಿಯುವ ಪದ್ಧತಿ ಹಲವು ಮನೆಗಳಲ್ಲಿದೆ.

ಅಮರತ್ವ ಎಲ್ಲರಿಗೂ ವರವಲ್ಲ. ಉಪಪಾಂಡವರನ್ನು ನಿದ್ದೆಯಲ್ಲಿ ಕೊಂದ ಅಶ್ವತ್ಥಾಮನಿಗೆ ಅದು ಶಿಕ್ಷೆ: ಶಿರೋಮಣಿ ಕಳೆದುಕೊಂಡು, ಕೃಷ್ಣನ ಶಾಪದಿಂದ 3,000 ವರ್ಷ ಒಂಟಿಯಾಗಿ ಅಲೆಯಬೇಕು. ಕನ್ನಡದಲ್ಲಿ ಆತನಿಗೆ ಬೇರೆಯೇ ಪಾತ್ರವಿದೆ. ಗದುಗಿನ ವೀರನಾರಾಯಣ ದೇಗುಲಕ್ಕೆ ಬ್ರಾಹ್ಮಣವೇಷದಲ್ಲಿ ಬರುತ್ತಿದ್ದ ಆತನನ್ನು ಕುಮಾರವ್ಯಾಸ ಗುರುತಿಸಿ ಭಾರತದ ಕಥೆ ಕೇಳಿದನಂತೆ. ಕವಿ ಮಿಂದು ಒದ್ದೆ ಬಟ್ಟೆಯಲ್ಲಿ ಕಂಬಕ್ಕೊರಗಿ ಕೂತರೆ, ಬಟ್ಟೆ ಆರುವವರೆಗೆ ಕಾವ್ಯ ಹರಿಯುತ್ತಿತ್ತು. ಕಥೆ ಹೇಳುವವನಾರೆಂಬ ಗುಟ್ಟು ರಟ್ಟಾದಾಗ ಅದು ನಿಂತುಹೋಯಿತು. ಕಾವ್ಯ ಗದಾಪರ್ವದವರೆಗಿನ ಹತ್ತು ಪರ್ವಗಳಿಗೇ ನಿಂತದ್ದಕ್ಕೆ ಜನ ಕಂಡುಕೊಂಡ ಕಾರಣವಿದು. ಚರಿತ್ರೆಯಲ್ಲ, ಆದರೆ ಸೊಗಸಾದ ಊಹೆ. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ.

ಪರಶುರಾಮ ಕೊಡಲಿಯ ರಕ್ತ ತೊಳೆದದ್ದು ತೀರ್ಥಹಳ್ಳಿಯ ತುಂಗೆಯಲ್ಲೆಂದು ಪ್ರತೀತಿ. ಎಳ್ಳಮಾವಾಸ್ಯೆಗೆ ಅಲ್ಲಿ ಜಾತ್ರೆ. ಆನೆಗೊಂದಿ ಬಳಿಯ ಅಂಜನಾದ್ರಿಯನ್ನು ಹನುಮನ ಜನ್ಮಸ್ಥಳವೆನ್ನುತ್ತಾರೆ, ತಿರುಮಲದವರು ತಮ್ಮ ಬೆಟ್ಟವೇ ಅದೆಂದು ವಾದಿಸುತ್ತಾರೆ. ತುಳುನಾಡಿನಲ್ಲಿ ದೀಪಾವಳಿಯಂದು ಗದ್ದೆಯಲ್ಲಿ ದೀಪವಿಟ್ಟು, ‘ಕೂ’ ಹಾಕಿ ಬಲಿಯೇಂದ್ರನನ್ನು ಕರೆಯುತ್ತಾರೆ. ವಿಭೀಷಣ, ಕೃಪರಿಗೆ ಇಲ್ಲಿ ಇಂಥ ಜನಪ್ರಿಯ ಆಚರಣೆಗಳಿಲ್ಲ.